ಅಪ್ಪನ ಕಡೆಯಿಂದ ಬಂದದ್ದು

ನನಗೆ ಈಗ ಯಾವ ಕಾಯಿಲೆಯೂ ಇಲ್ಲ. ಶುಗರ್ ಇಲ್ಲ, ಬಿಪಿ ಇಲ್ಲ, ನನ್ನ ವಾರಗೆಯ ಎಷ್ಟೋ ಜನ ನುಂಗುವ ಥೈರಾಯ್ಡ್ ಮಾತ್ರೆಯೂ ಇಲ್ಲ. ಬೆಳಿಗ್ಗೆ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಒಂದಿಷ್ಟು ನಡೆದು ಬಂದು, ಮಗಳಿಗೆ ಡಬ್ಬಿ ಕಟ್ಟಿ, ಬ್ಯಾಂಕಿಗೆ ಹೊರಡುತ್ತೇನೆ. ವಯಸ್ಸು 39. ಹೀಗಿರುವ ನನ್ನ ಮುಂದೆ ಡಾಕ್ಟರು ಒಂದು ಪ್ರಶ್ನೆ ಇಟ್ಟಿದ್ದಾರೆ: ಚೆನ್ನಾಗಿಯೇ ಇರುವ ಎರಡೂ ಅಂಡಾಶಯಗಳನ್ನು, ಅವುಗಳ ನಾಳಗಳ ಸಮೇತ, ತೆಗೆಸಿಬಿಡುತ್ತೀರಾ? ಉತ್ತರಕ್ಕೆ ಗಡುವು ಹಾಕಿಲ್ಲ. ನಲವತ್ತರ ಆಸುಪಾಸಿನಲ್ಲಿ ಆದರೆ ಒಳ್ಳೆಯದು ಎಂದಷ್ಟೇ ಹೇಳಿದ್ದಾರೆ. ಆ ಪ್ರಶ್ನೆಗೆ ನನಗೆ ನಾನೇ ಕೊಟ್ಟುಕೊಂಡ ಉತ್ತರಗಳನ್ನೂ ಒಂದೊಂದು ಉತ್ತರದ ಹಿಂದೆ ಅಡಗಿ ಕೂತಿದ್ದ ಭಯವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಎದುರಾದ ಇನ್ನೊಬ್ಬಳಿಗೆ ಕನ್ನಡದಲ್ಲಿ ಓದಲು ಏನಾದರೂ ಸಿಗಲಿ ಎಂಬ ಆಸೆಯೂ ಇದೆ.

ಶುರುವಾದದ್ದು ಅತ್ತೆಯ ಮಗಳ ಫೋನಿನಿಂದ. ನಾನು ಅಕ್ಕ ಎಂದೇ ಕರೆಯುವ ಅವಳಿಗೆ 42ಕ್ಕೆ ಸ್ತನ ಕ್ಯಾನ್ಸರ್ ಬಂತು. ಚಿಕಿತ್ಸೆ ಕೊಟ್ಟವರು ಮನೆತನದಲ್ಲಿ ಯಾರಿಗೆ ಏನಾಗಿತ್ತು ಎಂದು ಕೆದಕಿ ಕೇಳಿ, ಜೀನ್ ಪರೀಕ್ಷೆ ಮಾಡಿಸಿದರು. ಬಿಆರ್‌ಸಿಎ1 ಎಂಬ ಜೀನ್‌ನಲ್ಲಿ ದೋಷವಿದೆ ಎಂದು ಬಂತು. "ಮಾವನಿಗೂ ಹೇಳು, ನೀನೂ ಟೆಸ್ಟ್ ಮಾಡಿಸ್ಕೊಂಡುಬಿಡು. ಹೆದರ್ಕೋಬೇಡ ಕಣೆ, ಗೊತ್ತಿರೋದು ಒಳ್ಳೇದು," ಎಂದಳು. ಅವಳ ಮಾವ ಎಂದರೆ ನನ್ನ ಅಪ್ಪ.

ಸ್ತನ, ಅಂಡಾಶಯ, ಗರ್ಭಕೋಶದ ಮಾತು ಬಂದಾಗ ನಾವೆಲ್ಲ ತಾಯಿಯ ಕಡೆಗೇ ನೋಡುತ್ತೇವೆ. ಅಮ್ಮನ ತವರಿನಲ್ಲಿ ಹೆಂಗಸರು ಗಟ್ಟಿಮುಟ್ಟಾಗಿ ಎಂಬತ್ತು, ತೊಂಬತ್ತು ಕಂಡವರು. ಹಾಗಾಗಿ ನನಗೇನೂ ಇರಲಾರದು ಎಂಬ ಧೈರ್ಯದಲ್ಲೇ ಜೆನೆಟಿಕ್ ಕೌನ್ಸೆಲರ್ ಎದುರು ಕೂತೆ. ಅವರು ಹಾಳೆಯ ಮೇಲೆ ಮನೆತನದ ನಕ್ಷೆ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ, ಕ್ಯಾನ್ಸರ್ ಬಂದವರ ಚೌಕ ಅಥವಾ ವೃತ್ತದೊಳಗೆ ಕಪ್ಪು. ಅಮ್ಮನ ಕಡೆಯ ವೃತ್ತಗಳೆಲ್ಲ ಖಾಲಿ ಉಳಿದವು. ಅಪ್ಪನ ಕಡೆ ಹೆಂಗಸರೇ ಕಡಿಮೆ: ಅಜ್ಜಿ, ಇಬ್ಬರು ಅತ್ತೆಯರು, ಅತ್ತೆಯ ಮಗಳು, ಆಮೇಲೆ ನಾನು. ಅಷ್ಟರಲ್ಲೇ ಎರಡು ವೃತ್ತ ಕಪ್ಪಾದವು. "ಅಜ್ಜಿ ಹೇಗೆ ತೀರಿಕೊಂಡರು?" ಎಂದು ಕೇಳಿದರು. ಹೊಟ್ಟೆಯಲ್ಲಿ ನೀರು ತುಂಬಿ, ಜಲೋದರವಾಗಿ ಹೋದರು ಎಂದು ಮನೆಯಲ್ಲಿ ಹೇಳುತ್ತಿದ್ದುದನ್ನೇ ಹೇಳಿದೆ. ಅವರು ಏನೂ ಮಾತಾಡದೆ ಅಜ್ಜಿಯ ವೃತ್ತದೊಳಗೆ ಒಂದು ಪ್ರಶ್ನೆಚಿಹ್ನೆ ಹಾಕಿದರು.

ಎರಡು ಕಪ್ಪು ವೃತ್ತಗಳಲ್ಲಿ ಒಂದು ದೊಡ್ಡತ್ತೆಯದು. ಅವರು ಹಾಸನದ ಕಡೆಯ ಊರಿನಿಂದ ಬಂದು ಜಯನಗರ 9ನೇ ಬ್ಲಾಕಿನ ನಮ್ಮ ಮನೆಯಲ್ಲಿದ್ದುಕೊಂಡು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುತ್ತಿದ್ದರು. 1973ರಲ್ಲಿ ಆ ಸಂಸ್ಥೆ ಶುರುವಾದಾಗಿನಿಂದ ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಿಗೆ ಹೀಗೆ ಫೈಲು ಹಿಡಿದ ನೆಂಟರು ಬಂದು ಉಳಿದಿದ್ದಾರೆ. ನಾನಿನ್ನೂ ಹುಡುಗಿ. ಕಾಯಿಲೆ ಗೊತ್ತಾಗುವ ಮೊದಲೇ, ಒಂದು ಹಬ್ಬಕ್ಕೆ ಬಂದಿದ್ದಾಗ, ಅವರು ಊಟಕ್ಕೆ ಕೂತು ನಾಲ್ಕು ತುತ್ತಿಗೇ ಸಾಕೆಂದು ಎದ್ದು, ಒಳಮನೆಗೆ ಹೋಗಿ ಲಂಗದ ಲಾಡಿ ಸಡಿಲ ಮಾಡಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಳೆಯ ಗಂಟಿನ ಗುರುತು ಲಾಡಿಯ ಮೇಲೆ ಹಾಗೇ ಇರುತ್ತಿತ್ತು, ಹೊಸ ಗಂಟು ತುದಿಯ ಹತ್ತಿರ ಹತ್ತಿರ ಬರುತ್ತಿತ್ತು. "ಗ್ಯಾಸು ಕಣೆ," ಎಂದು ಅಮ್ಮ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದರು. ಮೈಯೆಲ್ಲ ಬಡವಾಗುತ್ತಿದ್ದಾಗ ಹೊಟ್ಟೆಯೊಂದು ಮಾತ್ರ ಬೆಳೆಯುತ್ತಿರುವುದು ಯಾಕೆ ಎಂದು ಯಾರೂ ಕೇಳಲಿಲ್ಲ. ಅಂಡಾಶಯದ ಕ್ಯಾನ್ಸರ್ ಬರುವುದೇ ಹೀಗೆ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇವೆಲ್ಲ ಯಾರಿಗೂ ಯಾವಾಗಲೂ ಆಗುವಂಥವೇ ಆದ್ದರಿಂದ, ಬಹುಪಾಲು ಹೆಂಗಸರಲ್ಲಿ ಅದು ಹೊಟ್ಟೆಯೊಳಗೆಲ್ಲ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ದೊಡ್ಡತ್ತೆಗೂ ಹಾಗೇ ಆಯಿತು.

ಅಪ್ಪನ ರಕ್ತದಲ್ಲೂ ನನ್ನ ರಕ್ತದಲ್ಲೂ ಅಕ್ಕನಿಗಿದ್ದ ದೋಷವೇ ಸಿಕ್ಕಿತು. ಫಲಿತಾಂಶ ತಿಳಿಸುವ ದಿನ ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ನಮ್ಮಮ್ಮನಿಗೆ ಯಾರಿಂದ ಬಂತು?" ಅದನ್ನು ಈಗ ತಿಳಿಯುವ ದಾರಿಯಿಲ್ಲ ಎಂದರು ಕೌನ್ಸೆಲರ್. ಅಪ್ಪ ತಲೆಯಾಡಿಸಿದರು. ಮಗಳಿಗೆ ದಾಟಿಸಿದವನು ತಾನು ಎಂಬ ಭಾರವನ್ನು ತನ್ನ ಹಿಂದಿನ ಯಾರಿಗಾದರೂ ಸ್ವಲ್ಪ ಹಂಚಲು ಆದೀತೇನೋ ಎಂದು ಅವರು ಹುಡುಕುತ್ತಿದ್ದರು ಅಂತ ನನಗೆ ಅನ್ನಿಸಿತು.

ಈ ಜೀನ್ ಎಲ್ಲರ ಮೈಯಲ್ಲೂ ಇದೆ. ನಮ್ಮ ಡಿಎನ್‌ಎ ಮುರಿದಾಗ ಅದನ್ನು ದುರಸ್ತಿ ಮಾಡುವುದು ಅದರ ಕೆಲಸ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬಂದಿರುತ್ತದೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ, ಯಾವುದೋ ಜೀವಕೋಶದಲ್ಲಿ ಇನ್ನೊಂದೂ ಕೈಕೊಟ್ಟ ದಿನ ದುರಸ್ತಿ ನಿಂತುಹೋಗುತ್ತದೆ. ಮನೆತನದಲ್ಲಿ ಹರಿದುಬರುವ ಸ್ತನ ಕ್ಯಾನ್ಸರಿನ ಮೂಲ 17ನೇ ಕ್ರೋಮೋಸೋಮಿನಲ್ಲಿದೆ ಎಂದು ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರು. 1994ರಲ್ಲಿ ಜೀನೇ ಸಿಕ್ಕಿತು. ದೋಷವಿರುವ ತಂದೆಯಿಂದಾಗಲಿ ತಾಯಿಯಿಂದಾಗಲಿ, ಮಗನಿಗಾಗಲಿ ಮಗಳಿಗಾಗಲಿ, ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸಿನಲ್ಲಿ ಅದು ಎಷ್ಟೋ ಸಲ ಸದ್ದಿಲ್ಲದೆ ಕೂತಿದ್ದು ಮುಂದಿನ ತಲೆಮಾರಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹೋದದ್ದು ಹಾಗೆ.

ಇನ್ನು ಅಂಕಿಗಳು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಬಿಆರ್‌ಸಿಎ1 ದೋಷವಿರುವ ನೂರು ಹೆಂಗಸರಲ್ಲಿ 80 ವರ್ಷ ವಯಸ್ಸಾಗುವುದರೊಳಗೆ ಸುಮಾರು 44 ಮಂದಿಗೆ ಅಂಡಾಶಯದ ಕ್ಯಾನ್ಸರ್, 72 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಲೆಕ್ಕ ಹಾಕಿದೆ. ಬಿಆರ್‌ಸಿಎ2 ಎಂಬ ಇನ್ನೊಂದು ಜೀನ್‌ನಲ್ಲಿ ದೋಷವಿದ್ದರೆ ಅಂಡಾಶಯದ್ದು 17. ದೋಷವಿಲ್ಲದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ನಲವತ್ತರವರೆಗೆ ಅಪಾಯ ಕಡಿಮೆ, ಆಮೇಲೆ ಏರುತ್ತ ಹೋಗುತ್ತದೆ. ಅದಕ್ಕೇ ಬಿಆರ್‌ಸಿಎ1 ಇರುವವರು ಮಕ್ಕಳಾದ ಮೇಲೆ, 35ರಿಂದ 40ರ ನಡುವೆ, ಅಂಡಾಶಯ ಮತ್ತು ನಾಳ ಎರಡನ್ನೂ ತೆಗೆಸಿಕೊಳ್ಳುವುದು ಒಳ್ಳೆಯದು ಎಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ತೆಗೆಸಿದರೆ ಈ ಕ್ಯಾನ್ಸರಿನ ಅಪಾಯ ಶೇ 80ರಷ್ಟು ಇಳಿಯುತ್ತದೆ. ಪೂರ್ತಿ ಸೊನ್ನೆಯಾಗುವುದಿಲ್ಲ, ಹೊಟ್ಟೆಯ ಒಳಪೊರೆಯಲ್ಲಿ ಅಂಥದೇ ಕ್ಯಾನ್ಸರ್ ಬರುವ ಸಣ್ಣ ಸಾಧ್ಯತೆ ಉಳಿಯುತ್ತದೆ.

ನಾನು ಈ 44ನ್ನು ನೋಡುವ ಬದಲು ಉಳಿದ 56ನ್ನು ನೋಡುತ್ತಾ ಕೂತೆ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬರುವುದೇ ಇಲ್ಲವಲ್ಲ, ಅವರಲ್ಲಿ ನಾನೂ ಇರಬಾರದೇಕೆ? ಬ್ಯಾಂಕಿನಲ್ಲಿ ಸಾಲದ ಅರ್ಜಿಗಳ ಮೇಲೆ ಸಹಿ ಹಾಕುವವಳು ನಾನು. ನೂರು ಸಾಲದಲ್ಲಿ 44 ಮುಳುಗುತ್ತವೆ ಎಂದು ಗೊತ್ತಿದ್ದರೆ ಒಂದಕ್ಕೂ ಸಹಿ ಹಾಕುವುದಿಲ್ಲ. ಬೇರೆಯವರ ದುಡ್ಡಿಗೆ ತೋರಿಸುವ ಆ ಎಚ್ಚರ ನನ್ನ ಪ್ರಾಣದ ವಿಷಯದಲ್ಲಿ ಯಾಕೆ ಮಂಕಾಗುತ್ತಿದೆ ಎಂದು ಕೇಳಿಕೊಂಡ ದಿನದಿಂದ ನಿಜವಾದ ಹುಡುಕಾಟ ಶುರುವಾಯಿತು. ಹಿಂಜರಿಕೆಯ ಬೇರು ಅಂಕಿಯಲ್ಲಿರಲಿಲ್ಲ.

ಒಂದು ಬೇರು ಕಲಬುರಗಿಯಲ್ಲಿತ್ತು. ನೌಕರಿಯ ಮೊದಲ ವರ್ಷಗಳಲ್ಲಿ ಆ ಜಿಲ್ಲೆಯ ಗ್ರಾಮೀಣ ಶಾಖೆಯೊಂದರಲ್ಲಿದ್ದೆ. ತಾಂಡಾಗಳ ಹೆಂಗಸರು ಸ್ವಸಹಾಯ ಸಂಘದ ಸಾಲಕ್ಕೆ ಬರುತ್ತಿದ್ದರು. ಅರ್ಜಿಯಲ್ಲಿ ಉದ್ದೇಶದ ಜಾಗದಲ್ಲಿ ಎಮ್ಮೆ ಖರೀದಿ ಎಂದಿರುತ್ತಿತ್ತು. ಒಬ್ಬಾಕೆಯನ್ನು, ನನ್ನಷ್ಟೇ ವಯಸ್ಸಿರಬೇಕು, ಎಮ್ಮೆ ಎಲ್ಲಿ ಕೊಳ್ಳುತ್ತೀ ಎಂದು ಸುಮ್ಮನೆ ಮಾತಿಗೆಳೆದೆ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, "ಎಮ್ಮಿ ಇಲ್ರಿ ಮೇಡಂ. ಹೊಟ್ಟಿ ನೋಯ್ತದಂತ ಹೋಗಿದ್ನಿರಿ. ಗರ್ಭಚೀಲ ತೆಗಸು, ಇಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದಾರ," ಎಂದಳು. ಅವಳ ಹಿಂದೆ ನಿಂತಿದ್ದವಳು ತನ್ನದು ಹೋದ ವರ್ಷವೇ ಆಯಿತೆಂದು ಹೊಟ್ಟೆ ಮುಟ್ಟಿ ತೋರಿಸಿದಳು. ಬಿಳಿಸೆರಗಿಗೆ, ಸೊಂಟನೋವಿಗೆ, ಮುಟ್ಟಿನ ತೊಂದರೆಗೆ, ಮಾತ್ರೆಯಲ್ಲಿ ಹೋಗಬಹುದಾದದ್ದಕ್ಕೆಲ್ಲ ಅಲ್ಲಿ ಕತ್ತರಿ ಬೀಳುತ್ತಿತ್ತು. 2015ರ ಹೊತ್ತಿಗೆ ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಈ ವಿಷಯವನ್ನು ಬೀದಿಗೆ ತಂದವು. ಸರ್ಕಾರ ತನಿಖೆ ಮಾಡಿಸಿತು. ಗರ್ಭಕೋಶ ಕಳೆದುಕೊಂಡವರಲ್ಲಿ ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಂಗಸರು, ಎಷ್ಟೋ ಮಂದಿ ನಲವತ್ತೂ ಆಗದವರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಎಂದು ರಾಜ್ಯಗಳಿಗೆ ಹೇಳಿತು.

"ತೆಗೆಸದಿದ್ದರೆ ಕ್ಯಾನ್ಸರ್ ಬರಬಹುದು." ಬೆಂಗಳೂರಿನ ಏಸಿ ಕೋಣೆಯಲ್ಲಿ ಆ ಮಾತು ನನಗೆ ಕೇಳಿಸಿದಾಗ ಆ ಹೆಂಗಸು ಸೆರಗು ಒತ್ತಿಕೊಂಡು ನಿಂತಂತಾಯಿತು. ಅವಳಿಗೆ ಹೇಳಿದ್ದು ಸುಳ್ಳಾಗಿದ್ದರೆ ನನಗೆ ಹೇಳುತ್ತಿರುವುದು ನಿಜವೆಂದು ಹೇಗೆ ನಂಬಲಿ? ನಾನು ಇಂಗ್ಲಿಷ್ ಓದಿಕೊಂಡವಳು, ಇನ್ಶೂರೆನ್ಸ್ ಇರುವವಳು, ಅದೊಂದೇ ವ್ಯತ್ಯಾಸವೇ? ಬಹಳ ಕಾಲ ಈ ಅನುಮಾನವನ್ನು ನಾನು ವಿವೇಕ ಎಂದೇ ಭಾವಿಸಿ ಹಿಡಿದುಕೊಂಡಿದ್ದೆ, ಮತ್ತು ಅದರಲ್ಲಿ ವಿವೇಕ ಇತ್ತು ಕೂಡ. ಈಗ ನನಗೆ ಕಾಣುವ ವ್ಯತ್ಯಾಸ ಇಷ್ಟು. ಅವಳಿಗೆ ಪರೀಕ್ಷೆ ಮಾಡಲಿಲ್ಲ, ಖಚಿತವಾಗಿ ಹೇಳಿದರು, ನಾಳೆಯೇ ಬಾ ಎಂದರು. ನನಗೆ ಪರೀಕ್ಷೆ ಮಾಡಿದರು, ನೂರರಲ್ಲಿ ಇಷ್ಟು ಎಂದರು, ಯೋಚಿಸಿ ಬನ್ನಿ ಎಂದರು. ಬೇರೆ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಿ ಎಂದು ಅವರೇ ಹೇಳಿದರು. ಹೆದರಿಸಿ ಅವಸರ ಮಾಡುವವರನ್ನು ನಂಬಬೇಡಿ, ಸಮಯ ಕೊಟ್ಟು ಕಾಗದ ತೋರಿಸುವವರ ಮಾತನ್ನು ಕಿವಿಗೊಟ್ಟು ಕೇಳಿ ಎಂದು ನಾನೀಗ ಯಾರಿಗಾದರೂ ಹೇಳಬಲ್ಲೆ. ಆ ಹೆಂಗಸಿಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.

ಇನ್ನೊಂದು ನೆಪ ತಪಾಸಣೆಯದು. ಆರಾರು ತಿಂಗಳಿಗೆ ಸಿಎ-125 ರಕ್ತಪರೀಕ್ಷೆ, ಒಂದು ಸ್ಕ್ಯಾನಿಂಗ್. ವರದಿ ನಾರ್ಮಲ್ ಎಂದು ಬಂದ ಸಂಜೆ ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನ ಬಳಿ ಇಳಿದು, ಮಲ್ಲಿಗೆ ಕೊಂಡು, ಹಬ್ಬದಂತೆ ಮನೆಗೆ ಬರುತ್ತಿದ್ದೆ. ಆದರೆ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಹೀಗೆ ತಪಾಸಣೆ ಮಾಡುತ್ತಾ ಹೋದರೂ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಅವರು ಸಾಮಾನ್ಯ ಅಪಾಯದ, ಮುಟ್ಟು ನಿಂತ ಹೆಂಗಸರು, ನನ್ನ ಪ್ರಕರಣ ಬೇರೆ, ನಿಜ. ಆದರೂ ನನ್ನಂಥವರಿಗೂ ತಪಾಸಣೆಯನ್ನೇ ನಂಬಿ ಕೂರಿ ಎಂದು ಯಾರೂ ಹೇಳುತ್ತಿಲ್ಲ. ಸ್ತನಕ್ಕೆ ಮ್ಯಾಮೊಗ್ರಾಂ, ಎಂಆರ್‌ಐ ಇವೆ, ಅವು ಬೇಗ ಹಿಡಿಯುತ್ತವೆ. ಹಾಗಾಗಿ ಸ್ತನದ ವಿಷಯದಲ್ಲಿ ವರ್ಷವರ್ಷವೂ ಎಂಆರ್‌ಐ ಮಾಡಿಸುತ್ತಾ ಕಾಯಲು ನನಗೆ ಧೈರ್ಯವಿದೆ. ಅಂಡಾಶಯ ಆ ಅವಕಾಶ ಕೊಡುವುದಿಲ್ಲ. ಈ ಕ್ಯಾನ್ಸರಿನ ಹೆಚ್ಚಿನ ಪಾಲು ಶುರುವಾಗುವುದು ಅಂಡಾಶಯದ ಪಕ್ಕದಲ್ಲಿರುವ ನಾಳದ ತುದಿಯಲ್ಲಿ, ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣದಾಗಿ, ಎಂದು ಈಗ ತಿಳಿದಿದೆ. ಆ ಮಲ್ಲಿಗೆಯ ಸಂಜೆಗಳ ಸಮಾಧಾನಕ್ಕೆ ಆಧಾರವೇ ಇರಲಿಲ್ಲ.

ಈಗ ಹೇಳಲು ಕಷ್ಟವಾದದ್ದಕ್ಕೆ ಬರುತ್ತೇನೆ. ಅಂಡಾಶಯ ತೆಗೆದ ಮರುದಿನವೇ ನನಗೆ ಮುಟ್ಟು ನಿಂತಂತೆ. ಹತ್ತು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಬರಬೇಕಾದದ್ದು ಒಂದೇ ರಾತ್ರಿಯಲ್ಲಿ ಬರುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಮೂಳೆ ಸವೆಯುವುದು, ಹೃದಯದ ತೊಂದರೆಯ ಸಾಧ್ಯತೆ, ಯೋನಿ ಒಣಗುವುದು, ಆಸೆ ಇಳಿಯುವುದು. ಮೂಳೆ, ಹೃದಯದ ಬಗ್ಗೆ ಡಾಕ್ಟರ ಹತ್ತಿರ ದಿಟ್ಟವಾಗಿ ಕೇಳಿದೆ. ಕೊನೆಯ ಎರಡರ ಬಗ್ಗೆ ಕೇಳಲು ನಾಲಿಗೆ ಹೊರಳಲಿಲ್ಲ. ಜೀವ ಉಳಿಸಿಕೊಳ್ಳುವ ಮಾತಿನ ನಡುವೆ ಸುಖದ ಮಾತು ಎತ್ತುವುದು ಅಸಭ್ಯ ಎಂದು ನನ್ನನ್ನು ಬೆಳೆಸಿದ ಮನೆ, ಬೀದಿ, ಶಾಲೆ ಎಲ್ಲವೂ ಕಲಿಸಿವೆ. ನನ್ನ ಹಿಂಜರಿಕೆಯ ದೊಡ್ಡ ಪಾಲು ಇದೇ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಗಂಡನ ಪಕ್ಕದಲ್ಲಿ ಮಲಗಿ, ಇನ್ನು ನಾನು ಇವನಿಗೆ ಬೇಡವಾಗುತ್ತೇನೆಯೇ ಎಂದು ಯೋಚಿಸಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಇವನು ನನಗೆ ಬೇಡವಾಗುತ್ತಾನೆಯೇ ಎಂದು ಹೆದರಿದ್ದೇನೆ. ಈ ಎರಡನೆಯ ಭಯವನ್ನು ಒಂದು ರಾತ್ರಿ ಅವನಿಗೇ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, "ನಾಳೆ ಡಾಕ್ಟರ ಹತ್ರ ನಾನೇ ಕೇಳ್ತೀನಿ ಬಿಡು," ಎಂದ. ಕೇಳಿದ ಕೂಡ, ನನ್ನ ಎದುರಿಗೇ, ತಡವರಿಸದೆ.

ಡಾಕ್ಟರು ಮುಜುಗರಪಡದೆ ಉತ್ತರ ಕೊಟ್ಟರು. ನನಗೆ ಸ್ತನ ಕ್ಯಾನ್ಸರ್ ಬಂದಿಲ್ಲವಾದ್ದರಿಂದ ಐವತ್ತರ ಆಸುಪಾಸಿನವರೆಗೆ ಹಾರ್ಮೋನ್ ಕೊಡಬಹುದು. ಅದರಿಂದ ಮೂಳೆಗೂ ನಿದ್ದೆಗೂ ಆಸರೆ, ಬೆವರೂ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಒಣಗುವುದಕ್ಕೆ ಹಚ್ಚುವ ಮುಲಾಮು ಇದೆ. ಆಸೆ ಮೊದಲಿನಂತೆಯೇ ಇರುತ್ತದೆ ಎಂದು ಭರವಸೆ ಕೊಡಲಾರೆ ಎಂದರು. ಆ ಕೊನೆಯ ಮಾತು ಹೇಳಿದ್ದಕ್ಕೇ ನನಗೆ ಅವರ ಉಳಿದೆಲ್ಲ ಮಾತಿನ ಮೇಲೆ ನಂಬಿಕೆ ಬಂತು. ನಡುವಿನ ದಾರಿಯೊಂದನ್ನೂ ಕೇಳಿದೆ: ಈಗ ನಾಳಗಳನ್ನಷ್ಟೇ ತೆಗೆದು, ಅಂಡಾಶಯಗಳನ್ನು ಕೆಲವು ವರ್ಷ ಬಿಟ್ಟು ತೆಗೆಯುವುದು. ನೆದರ್ಲೆಂಡ್ಸಿನಲ್ಲಿ ಟ್ಯೂಬಾ ಎಂಬ ಅಧ್ಯಯನ ಇದನ್ನೇ ಪರೀಕ್ಷಿಸುತ್ತಿದೆ. ಹಾಗೆ ಮಾಡಿಸಿಕೊಂಡವರ ದಿನನಿತ್ಯದ ಬದುಕು ಹೆಚ್ಚು ನೆಮ್ಮದಿಯದು ಎಂದು 2021ರಲ್ಲಿ ಅದು ವರದಿ ಮಾಡಿತು. ಆದರೆ ಕ್ಯಾನ್ಸರ್ ತಡೆಯುವುದರಲ್ಲಿ ಅದೂ ಇಷ್ಟೇ ಗಟ್ಟಿ ಎಂದು ಹೇಳಲು ಇನ್ನೂ ಬಹಳ ವರ್ಷ ಬೇಕು. ಮೂವತ್ತರ ಮೊದಲ ವರ್ಷಗಳಲ್ಲಿದ್ದಿದ್ದರೆ ಆ ದಾರಿ ಹಿಡಿಯುತ್ತಿದ್ದೆನೇನೋ.

ಅಮ್ಮನ ಚಿಂತೆ ಬೇರೆ. "ಯಾರಿಗೂ ಹೇಳ್ಬೇಡ ಪುಟ್ಟಿ, ನಾಳೆ ಮಗುಗೆ ಗಂಡು ನೋಡ್ಬೇಕು," ಎಂದರು. ನನ್ನ ಮಗಳಿಗೆ ಈಗ 14. ಒಂದು ಶುಕ್ರವಾರ ರಾಹುಕಾಲಕ್ಕೆ ಅಮ್ಮ ನನ್ನನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮೈ ಹೊರಗೆ ಮಾಡಿ ತಿರುಗಿಸಿ, ಅದರಲ್ಲಿ ತುಪ್ಪ ಬಿಟ್ಟು ಬತ್ತಿ ಹೊತ್ತಿಸಿದೆವು. ಸುತ್ತ ಕೂತ ಹೆಂಗಸರು ಯಾರೂ ಯಾರನ್ನೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ನಾನು ಕಣ್ಣು ಮುಚ್ಚಿದಾಗ ಬೇಡಿಕೊಂಡದ್ದು ನನ್ನ ಬಗ್ಗೆ ಆಗಿರಲಿಲ್ಲ. ಮಗಳಿಗೆ ಇದು ದಾಟಿರದಿರಲಿ ಎಂದು ಬೇಡಿಕೊಂಡೆ. ಆಗ ತಿಳಿಯಿತು, ಅಮ್ಮನ ಚಿಂತೆ ನನ್ನದೂ ಹೌದು, ನಾನು ಅದನ್ನು ಅಮ್ಮನ ಬಾಯಿಗೆ ಬಿಟ್ಟುಕೊಟ್ಟು ನಾನು ಆಧುನಿಕಳು ಎಂದುಕೊಂಡಿದ್ದೇನೆ. ಮಗಳು ದೊಡ್ಡವಳಾಗುವವರೆಗೆ ಅವಳ ಪರೀಕ್ಷೆ ಮಾಡಿಸುವಂತಿಲ್ಲ. 18 ತುಂಬಿದ ಮೇಲೆ, ಅವಳಿಗೇ ಬೇಕೆನಿಸಿದಾಗ, ಅವಳದೇ ತೀರ್ಮಾನ. ಅಲ್ಲಿಯವರೆಗೆ ಅವಳಿಗೆ ನಾನು ಕೊಡಬಹುದಾದದ್ದು ಮುಚ್ಚಿಡದ ಮಾತು ಮಾತ್ರ.

ಮುಚ್ಚಿಡುವುದನ್ನು ನಾವು ಎಷ್ಟು ಚೆನ್ನಾಗಿ ಕಲಿತಿದ್ದೇವೆ! 2024ರ ಜುಲೈನಲ್ಲಿ ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಅಮ್ಮ ಟೀವಿ ಮುಂದೆ ಕೂತು ಅತ್ತರು, ಪಕ್ಕದ ಮನೆಯವರೊಂದಿಗೆ ಆ ಕಾಯಿಲೆಯ ಹೆಸರನ್ನು ಗಟ್ಟಿಯಾಗಿಯೇ ಆಡಿದರು. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಅಪರ್ಣಾರ ದನಿ ಕೇಳಿದಾಗಲೆಲ್ಲ ಈಗಲೂ ಹೇಳುತ್ತಾರೆ. ತಮ್ಮ ನಾದಿನಿಗೆ ಆದದ್ದು ಮಾತ್ರ ಇಂದಿಗೂ "ಹೊಟ್ಟೆಯ ತೊಂದರೆ." ಅದೇ ಅಮ್ಮನ ಕಪಾಟಿನಲ್ಲಿ ಅನುಪಮಾ ನಿರಂಜನರ 'ತಾಯಿ-ಮಗು' ಇತ್ತು, ನಾನು ದೊಡ್ಡವಳಾದಾಗ ನನ್ನ ಕೈಗೆ ಬಂದದ್ದು 'ಕೇಳು ಕಿಶೋರಿ.' ವೈದ್ಯೆಯಾಗಿದ್ದ ಆ ಲೇಖಕಿ ಕನ್ನಡದ ಹೆಣ್ಣುಮಕ್ಕಳಿಗೆ ಅವರ ಮೈಯ ಬಗ್ಗೆ ನಾಚಿಕೆಯಿಲ್ಲದೆ ತಿಳಿಸಿದವರು. 1991ರಲ್ಲಿ ಕ್ಯಾನ್ಸರ್ ಅವರನ್ನೂ ತೆಗೆದುಕೊಂಡಿತು. ಆಮೇಲೆ ಬಿ.ವಿ. ಭಾರತಿ ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನು 'ಸಾಸಿವೆ ತಂದವಳು' ಪುಸ್ತಕದಲ್ಲಿ ಬರೆದರು. ಹಾಲಿವುಡ್‌ನ ಆಂಜಲಿನಾ ಜೋಲಿ ತನಗೆ ಬಿಆರ್‌ಸಿಎ1 ದೋಷವಿದೆ ಎಂದು 2013ರಲ್ಲಿ ಪತ್ರಿಕೆಯಲ್ಲಿ ಬರೆದು, 2015ರಲ್ಲಿ ಅಂಡಾಶಯ ತೆಗೆಸಿದ್ದನ್ನೂ ಬರೆದರು. ಅವರ ತಾಯಿ 56ಕ್ಕೆ ಹೋದವರು. ಇವರೆಲ್ಲ ಬಾಯಿ ಬಿಟ್ಟಿದ್ದರಿಂದ ನನಗೆ ದಾರಿ ಸುಲಭವಾಯಿತು. ನಮ್ಮ ಅಜ್ಜಿಯ ಕಾಯಿಲೆಗೆ ಒಂದು ಸರಿಯಾದ ಹೆಸರು ಯಾರಾದರೂ ಇಟ್ಟಿದ್ದರೆ ದೊಡ್ಡತ್ತೆಯ ಲಾಡಿಯ ಗಂಟನ್ನು ಯಾರಾದರೂ ಗಮನಿಸುತ್ತಿದ್ದರು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಒಳಗಿನದು. ಯಾರಾದರೂ ನನ್ನ ಪರವಾಗಿ ತೀರ್ಮಾನಿಸಲಿ ಎಂದು ಕಾಯುತ್ತಿದ್ದೆ. ಡಾಕ್ಟರು ಮಾಡಿಸಿ ಎನ್ನಲಿ, ಗಂಡ ಬೇಡ ಎನ್ನಲಿ, ಅಪ್ಪ ಏನಾದರೂ ಹೇಳಲಿ. ಯಾರೂ ಹೇಳಲಿಲ್ಲ. ತೀರ್ಮಾನಿಸದೆ ಇರುವಷ್ಟು ದಿನ ನಾನು ಎಲ್ಲರ ಕಾಳಜಿಯ ನಡುವೆ ಇದ್ದೆ. ಗಂಡನ ತಾಯಿ ಭಾರ ಎತ್ತಲು ಬಿಡುತ್ತಿರಲಿಲ್ಲ, ಗಂಡ ದನಿ ತಗ್ಗಿಸಿ ಮಾತಾಡುತ್ತಿದ್ದ. ಆ ಮೆತ್ತಗಿನ ಜಾಗ ನನಗೆ ಹಿತವಾಗಿತ್ತು. ಕಾಯಿಲೆಯವಳೂ ಅಲ್ಲದೆ ಆರೋಗ್ಯವಂತೆಯೂ ಅಲ್ಲದೆ ಅಲ್ಲೇ ಉಳಿದುಬಿಡಲು ಮನಸ್ಸು ಬಯಸುತ್ತಿತ್ತು. ಆದರೆ ವಯಸ್ಸು ನಿಲ್ಲುವುದಿಲ್ಲ, ನಲವತ್ತರ ನಂತರ ಅಪಾಯವೂ ನಿಲ್ಲುವುದಿಲ್ಲ.

ನಾನು ಮಾಡಿಸಿಕೊಳ್ಳುತ್ತೇನೆ. ಮುಂದಿನ ತಿಂಗಳು, ಮಗಳ ಶಾಲೆಯ ಪರೀಕ್ಷೆ ಮುಗಿದ ವಾರ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಎರಡು ಅಂಡಾಶಯ, ಎರಡು ನಾಳ ತೆಗೆಯುತ್ತಾರೆ. ತೆಗೆದ ನಾಳಗಳ ತುದಿಯನ್ನು ತೆಳ್ಳಗೆ ಹೋಳು ಹೋಳಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೆಲವರಲ್ಲಿ ಆಗಲೇ ಶುರುವಾದ ಕ್ಯಾನ್ಸರ್ ಹಾಗೆ ಸಿಗುತ್ತದೆ. ಆ ರೀತಿ ಪರೀಕ್ಷಿಸುತ್ತಾರೆಯೇ ಎಂದು ನಾನೇ ಕೇಳಿ ಖಚಿತಪಡಿಸಿಕೊಂಡೆ. ಯಾರಾದರೂ ಮಾಡಿಸಿಕೊಳ್ಳುವುದಿದ್ದರೆ ನೀವೂ ಕೇಳಿ. ಗರ್ಭಕೋಶದ ಬಗ್ಗೆ ಚರ್ಚೆಯಾಯಿತು. ಬಿಆರ್‌ಸಿಎ1 ಇರುವವರಲ್ಲಿ ಗರ್ಭಕೋಶದ ಅಪರೂಪದ ಕ್ಯಾನ್ಸರೊಂದು ತುಸು ಹೆಚ್ಚು ಎನ್ನುತ್ತಾರೆ, ಗರ್ಭಕೋಶವನ್ನೂ ತೆಗೆದರೆ ಹಾರ್ಮೋನ್ ಚಿಕಿತ್ಸೆ ಸರಳವಾಗುತ್ತದೆ, ಆದರೆ ಆಪರೇಷನ್ ದೊಡ್ಡದಾಗುತ್ತದೆ. ಎರಡೂ ಕಡೆ ತೂಗಿ ನೋಡಿ, ಗರ್ಭಕೋಶ ಇರಲಿ ಎಂದೆ. ಡಾಕ್ಟರು ಒಪ್ಪಿದರು. ಪುರಾವೆ ಕೇಳುವಷ್ಟನ್ನೇ ನಾನು ಬಿಟ್ಟುಕೊಡುತ್ತೇನೆ, ಅದಕ್ಕಿಂತ ಹೆಚ್ಚು ಇಲ್ಲ. ಈ ಹಟವನ್ನು ಕಲಬುರಗಿಯ ಆ ಹೆಂಗಸರಿಂದ ಕಲಿತೆ.

ಅಪ್ಪನಿಗೆ ಹೇಳಿದಾಗ ಅವರು, "ಆಸ್ಪತ್ರೆಗೆ ನಾನೂ ಬರ್ತೀನಿ," ಎಂದರು. ನನ್ನ ತಮ್ಮ ಇನ್ನೂ ಜೀನ್ ಪರೀಕ್ಷೆ ಮಾಡಿಸಿಕೊಂಡಿಲ್ಲ. ಗಂಡಸರಿಗೇನು ಎನ್ನುತ್ತಾನೆ. ಅವನಿಗೂ ಪ್ರಾಸ್ಟೇಟ್, ಸ್ತನದ ಕ್ಯಾನ್ಸರಿನ ಅಪಾಯ ಇರಬಹುದು, ಅವನಿಗೂ ಮಕ್ಕಳಿದ್ದಾರೆ. ಕೇಳುತ್ತಲೇ ಇರುತ್ತೇನೆ.

ಓದುತ್ತಿರುವ ನಿಮ್ಮಲ್ಲಿ ಒಂದು ವಿನಂತಿ. ಮನೆತನದ ಕಾಯಿಲೆಗಳ ಬಗ್ಗೆ ಹಿರಿಯರನ್ನು ಕೇಳುವಾಗ ತಂದೆಯ ಕಡೆಯ ಹೆಂಗಸರ ಬಗ್ಗೆಯೂ ಕೇಳಿ. ಜಲೋದರ, ಹೊಟ್ಟೆಗೆಡ್ಡೆ, "ಹೆಂಗಸರ ತೊಂದರೆ" ಎಂಬಂಥ ಹಳೆಯ ಮಾತುಗಳನ್ನು ಹಾಗೆಯೇ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಅಂಡಾಶಯದ ಕ್ಯಾನ್ಸರ್ ಬಂದವರು ಮನೆಯಲ್ಲಿ ಯಾರಾದರೂ ಬದುಕಿದ್ದರೆ, ಮನೆತನದಲ್ಲಿ ಬೇರೆ ಯಾರಿಗೂ ಬಂದಿರದಿದ್ದರೂ, ಮೊದಲು ಅವರ ಜೀನ್ ಪರೀಕ್ಷೆ ಮಾಡಿಸಿ. ಅವರಲ್ಲಿ ದೋಷ ಯಾವುದೆಂದು ಗೊತ್ತಾದರೆ ಉಳಿದವರಿಗೆ ಆ ಒಂದನ್ನೇ ಹುಡುಕಿದರೆ ಸಾಕು, ಖರ್ಚೂ ಬಹಳ ಕಡಿಮೆ. ಬಂದ ಫಲಿತಾಂಶವನ್ನು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಅತ್ತೆಯ ಮಕ್ಕಳಿಗೆ, ಚಿಕ್ಕಪ್ಪನ ಮಕ್ಕಳಿಗೆ ಫೋನ್ ಮಾಡಿ ಹೇಳಿ.